ಮನಿಗೋ ಮಾನ್ವಿಗೋ

ವೈರ್‌ಲೆಸ್ ಮಲಂಗಸಾಬರನ್ನು ಮೊದಲ ಸಲ ಕಂಡಾಗ ನಾನು ಬೈದೇ ಬಿಟ್ಟಿದ್ದೆ. 1983ನೇ ಇಸವಿ. ಮಸರಕಲ್ಲಿನಲ್ಲಿ ನಾನು ಪಾಠ ಹೇಳುವ ಶಾಲೆಯ ಮುಂದೆ ಜೀಪು ನಿಲ್ಲಿಸಿ, "ಹಲೋ, ಒಂದು, ಎರಡು, ಮೂರು" ಎಂದು ಅರ್ಧ ತಾಸು ಕೂಗಿದರು. "ಮೂರರ ಮುಂದ ನಾಕು ಅದ. ಕಲಿಯೂದಿದ್ರ ಒಳಗ ಬರ್ರಿ!" ಎಂದೆ. ಪುಣ್ಯಾತ್ಮ ನಕ್ಕರು. "ನಿಮ್ಮೂರಿಗೆ ಧ್ವನಿ ಮುಟ್ಟತದೇನು ನೋಡಾಕತ್ತೀನ್ರೀ ಟೀಚರ್ರ."

ಕಾಲುವೆ ಕೆಲಸದ ಜೀಪುಗಳ ವೈರ್‌ಲೆಸ್ ನೋಡಿಕೊಳ್ಳುವುದು ಅವರ ನೌಕರಿ. ರಾಯಚೂರಿನ ಟವರಿನ ಧ್ವನಿ ನಮ್ಮ ಕಡೆ ಮುಟ್ಟುತ್ತಿರಲಿಲ್ಲ. ಅದಕ್ಕೇ ದೇವದುರ್ಗ, ಮಾನ್ವಿಗಳಲ್ಲಿ ಇನ್ನೆರಡು ನಿಲ್ಲಿಸಿ, ಮೂರಕ್ಕೂ ಒಂದೇ ಫ್ರೀಕ್ವೆನ್ಸಿ ಕೊಟ್ಟರು. ರಾಯಚೂರಿನಲ್ಲಿ ಆಡಿದ ಮಾತು ಮೂರೂ ಟವರಿನಿಂದ ಒಟ್ಟಿಗೇ ಹೊರಡುತ್ತದೆ. ಜೀಪು ಎಲ್ಲಿದ್ದರೂ ಹತ್ತಿರದ್ದು ಕೇಳುತ್ತದೆ. ತೊಡಕಿದ್ದದ್ದು ಗಬ್ಬೂರಿನ ಆಸುಪಾಸಿನಲ್ಲಿ. ಅಲ್ಲಿ ಎರಡು ಟವರು ಸಮಸಮ ಕೇಳಿ ಮಾತು ಕಲಸಿಹೋಗುತ್ತಿತ್ತು. "ಅತ್ತಿ ಸೊಸಿ ಒಮ್ಮಿಗೇ ಮಾತಾಡಿದಂಗ್ರೀ" ಎನ್ನುತ್ತಿದ್ದರು. ಎಲ್ಲಿ ಕಲಸುತ್ತದೆ, ಎಲ್ಲಿ ತಿಳಿಯಾಗುತ್ತದೆ ಎಂದು ಬಿಸಿಲಲ್ಲಿ ಆ ಹೊಲಗಳನ್ನೆಲ್ಲ ತುಳಿದರು.

ಮರುವರ್ಷ ನನ್ನ ತಂಗಿ ದುರುಗಮ್ಮನ ಹೆರಿಗೆ ಕಷ್ಟವಾಯಿತು. ಕೂಸು ಅಡ್ಡ ತಿರುಗಿತ್ತು, ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು. ಮಲಂಗಸಾಬರ ಜೀಪಿಗೇ ಕೈ ಅಡ್ಡ ಹಿಡಿದೆ. ರಾಯಚೂರಿನತ್ತ ಜೀಪು ಓಡಿಸುತ್ತಲೇ ಅವರು ತಮ್ಮ ಕಚೇರಿಗೆ ಸುದ್ದಿ ಕೊಟ್ಟು, ಆಸ್ಪತ್ರೆಗೆ ಫೋನು ಮಾಡಿ ಕೇಳಲು ಹೇಳಿದರು. ಗಬ್ಬೂರಿನ ಹತ್ತಿರ ಗೊರಗೊರ ಸದ್ದಿನ ನಡುವೆ ಉತ್ತರ ಬಂತು: "...ಮನಿಗೆ ಒಯ್ರಿ."

ನಮ್ಮ ಕಡೆ ಆಸ್ಪತ್ರೆಯವರು ಮನೆಗೆ ಒಯ್ಯಿರಿ ಎಂದರೆ ಅರ್ಥ ಒಂದೇ. ಹಿಂದೆ ದುರುಗಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಮ್ಮವ್ವ ಬಂಡೆಮ್ಮ ಎದೆ ಬಡಿದುಕೊಂಡಳು. ದುರುಗಮ್ಮನಿಗೆ ಎಚ್ಚರವೇ ಇರಲಿಲ್ಲ.

"ಜೀಪು ಹೊಳ್ಳಸ್ರಿ," ಎಂದೆ ನಾನು. "ಅಕಿ ಜೀವ ದಾರ್ಯಾಗ ಹೋಗೂದು ಬ್ಯಾಡ."

"ತಡೀರಿ ಟೀಚರ್ರ, ಇದು ಕಲಸೂ ಜಾಗ. ಇನ್ನೊಮ್ಮೆ ಕೇಳೋಣ."

"ಇನ್ನೇನ್ ಕೇಳ್ತೀರಿ? ಕಿವಿ ಇಲ್ಲೇನು ನಿಮಗ!"

ಅವರು ಜೀಪು ಹಿಂದಕ್ಕೆ ತಿರುಗಿಸಲಿಲ್ಲ. ದಾರಿ ಬಿಟ್ಟು ಹೊಲಕ್ಕಿಳಿಸಿ, ಒಂದು ಕಲ್ಲುಗುಡ್ಡದ ಹಿಂದೆ ನಿಲ್ಲಿಸಿ ಮತ್ತೆ ಕೇಳಿದರು. ಗುಡ್ಡ ಒಂದು ಟವರಿಗೆ ಅಡ್ಡವಾಗಿ ಒಂದೇ ಧ್ವನಿ ಉಳಿಯಿತು: "ಆಪರೇಷನ್ ಡಾಕ್ಟರು ಶಿಬಿರಕ್ಕ ಹೋಗ್ಯಾರ. ಮಾನ್ವಿಗೆ ಒಯ್ರಿ. ಮಾನ್ವಿಗೆ!"

"ಯಾ ಅಲ್ಲಾ!" ಎಂದವರೇ ಮಾನ್ವಿಯ ದಾರಿ ಹಿಡಿದರು. ಅಲ್ಲಿ ತಾಯಿಯೂ ಉಳಿದಳು, ಕೂಸೂ ಉಳಿಯಿತು. ಅವ್ವ ಅವರ ಕೈ ಹಿಡಿದು, "ನನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತಪ್ಪಾ ನೀನು" ಎಂದು ಅತ್ತಳು. ಊರ ಹೆಸರನ್ನು ಮೂರು ಸಲ ಬಿಡಿಸಿ ಹೇಳಬೇಕೆಂಬ ಪದ್ಧತಿಯನ್ನು ಅವರು ಆ ವಾರವೇ ಹಾಕಿಸಿದರು. ಎರಡು ಟವರಿನ ಮಾತು ಕೂಡಿ ಬರುವಂತೆ ಹೊಂದಿಸಲು ಮತ್ತೆ ಮೂರು ತಿಂಗಳು ಗಬ್ಬೂರಿನ ಸುತ್ತ ಅಲೆದರು.

ಆಮೇಲೆ ಹೆಂಡತಿ ಜಾಹೆದಾಳನ್ನು ಕರೆದುಕೊಂಡು ಎಷ್ಟೋ ಸಲ ನಮ್ಮಲ್ಲಿ ಉಂಡು ಹೋಗಿದ್ದಾರೆ. ಬಂದಾಗಲೆಲ್ಲ ದುರುಗಮ್ಮ ಆ ದಿನದ ಕತೆ ಹೇಳಿಸುತ್ತಾಳೆ. ಒಮ್ಮೆ ನನ್ನ ಕಡೆ ಕೈ ತೋರಿಸಿ ಕೇಳಿಯೇ ಬಿಟ್ಟಳು: "ಯಣ್ಣಾ, ಮನಿಗೆ ಒಯ್ರಿ ಅಂತ ಕೇಳಿಸಿದಾಗ ನಮ್ಮಕ್ಕ ಏನಂದ್ಳು?"

ರೊಟ್ಟಿ ಬಡಿಸುತ್ತಿದ್ದ ನನ್ನ ಕೈ ನಿಂತಿತು. ಮಲಂಗಸಾಬರು ತಾಟಿನಿಂದ ತಲೆ ಎತ್ತಲಿಲ್ಲ.

"ಇನ್ನೊಮ್ಮೆ ಕೇಳ್ರಿ ಅಂದ್ರವ್ವಾ," ಎಂದರು.