ಎರಡನೇ ಮಂಚದ ಅತಿಥಿ

ನಮ್ಮ ಅಕ್ಕ ಕೆಲಸ ಮಾಡುವುದು ಕಾಲೇಜಿನ ಇತಿಹಾಸ ವಿಭಾಗದ ಆಫೀಸಿನಲ್ಲಿ. ಅವಳ ಹುದ್ದೆಗೆ ಏನೋ ಉದ್ದನೆಯ ಹೆಸರಿದೆ, ಆ ಹೆಸರಿನಿಂದ ಯಾರೂ ಅವಳನ್ನು ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಅವಳು ರೂಮಕ್ಕ. ವಿಭಾಗದವರು ವರ್ಷಕ್ಕೊಂದು ವಿಚಾರ ಸಂಕಿರಣ ನಡೆಸುತ್ತಾರೆ. ಎಲ್ಲೆಲ್ಲಿಂದಲೋ ವಿದ್ವಾಂಸರು ಬರುತ್ತಾರೆ. ಅವರು ಯಾವ ರೈಲು ಹತ್ತಬೇಕು, ಸ್ಟೇಷನ್ನಿನಿಂದ ಯಾರು ಕರೆದುಕೊಂಡು ಬರಬೇಕು, ಅತಿಥಿಗೃಹದ ಯಾವ ಕೋಣೆಯಲ್ಲಿ ಯಾರ ಜೊತೆ ಯಾರು ಮಲಗಬೇಕು ಎಂಬುದೆಲ್ಲ ಅಕ್ಕನ ತಲೆಯ ಮೇಲೆ. ಬಂದವರು ವೇದಿಕೆಯ ಮೇಲೆ ಏನು ಹೇಳಿದರು ಎಂದು ಕೇಳಿದರೆ ಅವಳಿಗೆ ಗೊತ್ತಿರುವುದಿಲ್ಲ. ರಾತ್ರಿ ಅವರಿಗೆ ನಿದ್ದೆ ಬಂತೋ ಇಲ್ಲವೋ ಎಂದು ಕೇಳಿ, ಒಬ್ಬೊಬ್ಬರದೂ ಹೇಳುತ್ತಾಳೆ.

ಅದೇ ಕಾಲೇಜಿನ ಗೇಟಿನ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಅಕ್ಕ ನನಗಿಂತ ಬಹಳ ದೊಡ್ಡವಳು. ಮದುವೆ ಅವಳೂ ಆಗಲಿಲ್ಲ, ನಾನೂ ಆಗಲಿಲ್ಲ. ಜಗಳ ಆಡುವುದಕ್ಕೆ ಅಕ್ಕತಂಗಿ ನಾವಿಬ್ಬರೇ ಸಾಕಾಗಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳಿಗೆ ಎಲ್ಲಿರುತ್ತದೋ ಆ ದೇವರೇ ಬಲ್ಲ. ನಾನು ಕೂಗಾಡಿ ಸುಸ್ತಾಗುವ ತನಕ ಕಾದು, ಆಮೇಲೆ ‘ಕಾಫಿ ಕುಡೀತೀಯಾ?’ ಅನ್ನುವ ಜಾತಿ ಅವಳದು. ಇಂಥವಳ ಜೊತೆ ಬಾಳುವುದು ಸುಲಭ ಅಂದುಕೊಳ್ಳಬೇಡಿ.

ಅವಳ ಕೆಲಸದ ರೀತಿಯೇ ಒಂದು ತಮಾಷೆ. ಅತಿಥಿಗಳು ಬರುವ ಮುಂಚೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಪ್ರತಿ ಕೋಣೆಗೂ ಹೋಗುತ್ತಾಳೆ. ಚೀಲದಲ್ಲಿ ಬಲ್ಬು, ಸೋಪು, ಮೊಳೆ, ಸುತ್ತಿಗೆ, ಬಟ್ಟೆ ಒಣಹಾಕುವ ಹಗ್ಗ. ನಲ್ಲಿ ತಿರುಗಿಸಿ ನೋಡುತ್ತಾಳೆ, ಫ್ಯಾನು ಕಿರುಗುಟ್ಟುತ್ತದೆಯೇ ಎಂದು ಕಿವಿ ಕೊಟ್ಟು ಕೇಳುತ್ತಾಳೆ. ಕೊನೆಗೆ ಚಪ್ಪಲಿ ಬಿಟ್ಟು ಎರಡೂ ಮಂಚದ ಮೇಲೆ ಮಲಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾಳೆ. ಒಂದು ವರ್ಷ ಹೀಗೆ ಹೊರಳಿದವಳು ಹಾಗೇ ನಿದ್ದೆ ಹೋಗಿಬಿಟ್ಟಿದ್ದಳು. ಬೇಗ ಬಂದ ಪ್ರೊಫೆಸರ್ ಒಬ್ಬರು ಬಾಗಿಲು ತೆಗೆದು ನೋಡಿ, ಕ್ಷಮಿಸಿ ಎಂದು ಮೆಲ್ಲಗೆ ಬಾಗಿಲು ಎಳೆದುಕೊಂಡು, ಪೆಟ್ಟಿಗೆ ಸಮೇತ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರಂತೆ. ಮಂಚ ಚೆನ್ನಾಗಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ನನ್ನನ್ನೇ ಕೇಳಿದಳು.

ಬರುವವರಿಗೆಲ್ಲ ಮೊದಲೇ ಫೋನು ಮಾಡುತ್ತಾಳೆ. ಮಂಡಿ ನೋವಿದೆಯಾ, ಮೇಲಿನ ಬರ್ತು ಹತ್ತೋಕೆ ಆಗುತ್ತಾ, ಬೆಳಗ್ಗೆ ಬೇಗ ಏಳ್ತೀರಾ ಎಂದೆಲ್ಲ ವಿಚಾರಿಸುತ್ತಾಳೆ. ಗೊರಕೆಯ ವಿಷಯಕ್ಕೆ ಬಂದರೆ ಯಾವ ಗಂಡಸೂ ಒಪ್ಪಿಕೊಳ್ಳುವುದಿಲ್ಲವಂತೆ. ಅದಕ್ಕೆ, ಮನೆಯವರಿಗೆ ಸ್ವಲ್ಪ ಫೋನು ಕೊಡಿ ಅನ್ನುತ್ತಾಳೆ. ಮನೆಯವರು ಒಂದು ಕೇಳಿದರೆ ಹತ್ತು ಹೇಳುತ್ತಾರೆ. ಗೊರಕೆಯವರಿಗೆ ಗೊರಕೆಯವರನ್ನೇ ಜೊತೆ ಹಾಕುವುದು ಅವಳ ಪದ್ಧತಿ. ಇದರಿಂದ ಈವರೆಗೆ ಯಾರಿಗೂ ತೊಂದರೆಯಾಗಿಲ್ಲ.

ಕಳೆದ ಸಲದ ಸಂಕಿರಣಕ್ಕೆ ಮುಂಚೆ ಹೀಗೇ ಫೋನು ಮಾಡುತ್ತಿದ್ದಾಗ, ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ತಾನು ಬರುವುದಿಲ್ಲ ಅಂದಳು. ಅವಳಿಗೆ ಏಳು ತಿಂಗಳ ಮಗು, ಇನ್ನೂ ಎದೆಹಾಲು ಕುಡಿಯುವುದು. ಬಿಟ್ಟು ಬರುವ ಹಾಗಿಲ್ಲ. ಅತಿಥಿಗೃಹಕ್ಕೆ ಮನೆಯವರನ್ನು ಕರೆತರಬಾರದು ಎಂಬ ನಿಯಮ. ಹೋಟೆಲಿನಲ್ಲಿ ಇಳಿದುಕೊಳ್ಳುವ ಅನುಕೂಲ ಅವಳಿಗಿಲ್ಲ. ಹೋಗಲಿ ಬಿಡಿ ಮೇಡಂ ಎಂದಳಂತೆ, ಆದರೆ ಫೋನು ಇಡಲಿಲ್ಲವಂತೆ. ಅಕ್ಕ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದಳು. ಆಗ ಗೊತ್ತಾಯಿತು, ಈ ವರ್ಷ ಎಲ್ಲಾದರೂ ಒಂದು ಪ್ರಬಂಧ ಓದದೆ ಹೋದರೆ ಹುಡುಗಿಯ ಸಂಶೋಧನೆಯ ಅವಧಿ ಮುಗಿದುಹೋಗುತ್ತದೆ, ಇಷ್ಟು ವರ್ಷ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ ಎಂದು. ದೋಣಿ ನಡೆಸಿ ಜನರನ್ನು ನದಿ ದಾಟಿಸುತ್ತಿದ್ದ ಹಳೆಯ ಕಾಲದ ಹೆಂಗಸರ ಬಗ್ಗೆ ಅವಳ ಪ್ರಬಂಧ.

ಅಕ್ಕ ನೇರವಾಗಿ ಮೇಷ್ಟ್ರ ಬಳಿ ಹೋದಳು. ಮೇಷ್ಟ್ರು ಅಂದರೆ ಸಂಕಿರಣದ ಸಂಚಾಲಕರು, ವಿಭಾಗಕ್ಕೆ ಹಿರಿಯರು. ಕೆಟ್ಟವರಲ್ಲ, ಪುಕ್ಕಲು. ಹಿಂದೊಮ್ಮೆ ಯಾರೋ ಒಬ್ಬರು ಅತ್ತೆ, ಮಾವ, ನಾದಿನಿಯರನ್ನೆಲ್ಲ ಕಟ್ಟಿಕೊಂಡು ಬಂದು ಅತಿಥಿಗೃಹವನ್ನು ಮದುವೆ ಮನೆ ಮಾಡಿಬಿಟ್ಟಿದ್ದರು. ಅಂದಿನಿಂದ ಅವರಿಗೆ ಆ ನಿಯಮವೆಂದರೆ ಪ್ರಾಣ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತಮ್ಮ, ಒಂದು ಕೋಣೆ ಅಂದರೆ ಇಬ್ಬರು ಪ್ರತಿನಿಧಿಗಳು, ಅಷ್ಟೇ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಅಕ್ಕ ತಲೆಯಾಡಿಸಿ ಬಂದಳು. ಬಂದವಳೇ ಕಂಪ್ಯೂಟರಿನ ಮುಂದೆ ಕೂತು, ಆ ಹುಡುಗಿಯ ಕೋಣೆಯ ಎರಡನೇ ಮಂಚಕ್ಕೆ ಮಗುವಿನ ಹೆಸರನ್ನೇ ಪ್ರತಿನಿಧಿಯಾಗಿ ಬರೆದಳು. ಹಿಂದೆ ಎರಡು ಇನಿಷಿಯಲ್ಲು. ವಯಸ್ಸು ಕೇಳುವ ಜಾಗ ಅಲ್ಲಿರಲಿಲ್ಲ, ಹಾಗಾಗಿ ಅವಳು ಸುಳ್ಳೂ ಬರೆಯಲಿಲ್ಲ.

ನನಗೆ ಇದು ತಿಳಿದದ್ದು ಎದೆಗೆ ಸಿಕ್ಕಿಸಿಕೊಳ್ಳುವ ಹೆಸರಿನ ಪಟ್ಟಿಗಳನ್ನು ಪ್ರಿಂಟು ಮಾಡುವಾಗ. ಇವರ್ಯಾರೇ ಹೊಸಬರು ಎಂದು ಕೇಳಿದರೆ, ಮಗು ಎಂದಳು, ಸಲೀಸಾಗಿ. ನನ್ನ ಪಿತ್ತ ನೆತ್ತಿಗೇರಿತು. ಸಿಕ್ಕಿಬಿದ್ದರೆ ನಿನ್ನ ಕೆಲಸದ ಗತಿಯೇನು, ಆ ಹುಡುಗಿಯ ಗತಿಯೇನು, ನಿನಗೆ ತಲೆಗಿಲೆ ಕೆಟ್ಟಿದೆಯಾ ಎಂದು ಗಿರಾಕಿಗಳ ಎದುರಿಗೇ ಕೂಗಾಡಿದೆ. ಅವಳು ಪಟ್ಟಿಗಳನ್ನು ಜೋಡಿಸಿಕೊಂಡು, ಇದನ್ನು ಸ್ವಲ್ಪ ಮೂಲೆ ದುಂಡಗೆ ಕತ್ತರಿಸಿಕೊಡು, ಮಗುವಿಗೆ ಚುಚ್ಚುತ್ತೆ ಎಂದಳು. ಬೈದುಕೊಂಡೇ ಕತ್ತರಿಸಿಕೊಟ್ಟೆ.

ನಿಜವಾದ ಗ್ರಹಚಾರ ಕಾದಿದ್ದದ್ದು ಆಮೇಲೆ. ಸಂಕಿರಣದ ಹಿಂದಿನ ದಿನ ಮೇಷ್ಟ್ರು ಕಾರ್ಯಕ್ರಮ ಪತ್ರಿಕೆಯನ್ನು ನನ್ನ ಅಂಗಡಿಗೆ ಕಳಿಸಿದರು. ಒಂದು ಗೋಷ್ಠಿಗೆ ಅಧ್ಯಕ್ಷರಾಗಬೇಕಿದ್ದವರು ಕೈಕೊಟ್ಟಿದ್ದರು. ಆ ಜಾಗಕ್ಕೆ ಮೇಷ್ಟ್ರು, ಪ್ರತಿನಿಧಿಗಳ ಪೈಕಿ ಪ್ರಬಂಧವನ್ನೂ ಓದದೆ ಸುಮ್ಮನೆ ಬಂದು ಉಂಡು ಹೋಗುವವರು ಯಾರಿದ್ದಾರೆ ಎಂದು ಹುಡುಕಿದ್ದಾರೆ. ಅಂಥವರು ಒಬ್ಬರೇ ಸಿಕ್ಕಿದ್ದಾರೆ, ನಮ್ಮ ಎರಡನೇ ಮಂಚದವರು. ಹೆಸರಿನ ಹಿಂದೆ ‘ಡಾ.’ ಬೇರೆ ಸೇರಿಸಿದ್ದರು. ಅದೂ ಬೇರೆ ಯಾವ ಗೋಷ್ಠಿಗೂ ಅಲ್ಲ, ಆ ಹುಡುಗಿ ಪ್ರಬಂಧ ಓದಬೇಕಾದ ಗೋಷ್ಠಿಗೆ.

ಅಂಗಡಿ ಹಾಗೇ ಬಿಟ್ಟು ಓಡಿದೆ. ಅಕ್ಕ ಆಗ ಮಂಚದ ಮೇಲೆ ಹೊರಳುತ್ತಿದ್ದಳು. ಹಾಳೆಯನ್ನು ಮುಖಕ್ಕೆ ಹಿಡಿದೆ. ಓದಿ ಎದ್ದು ಕೂತಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಮುಖ ಸಣ್ಣಗಾದದ್ದು ನೋಡಿದೆ. ಈಗಲೇ ಹೋಗಿ ಮೇಷ್ಟ್ರಿಗೆ ಹೇಳಿಬಿಡು ಎಂದೆ. ಹೇಳಿದರೆ ಕೋಣೆ ಹೋಗುತ್ತೆ, ಹುಡುಗಿ ಆಗಲೇ ಮಗು ಎತ್ತಿಕೊಂಡು ರೈಲು ಹತ್ತಿದ್ದಾಳೆ ಎಂದಳು. ನಾನು ಎದುರಿನ ಮಂಚದ ಮೇಲೆ ಕೂತೆ.

‘ಓದೋದೊಂದು ಆಗಿಬಿಡ್ಲಿ,’ ಎಂದಳು ಅಕ್ಕ. ‘ಆಮೇಲೆ ನನ್ನ ಏನು ಬೇಕಾದ್ರೂ ಮಾಡ್ಲಿ.’

ಸ್ಟೇಷನ್ನಿಗೆ ಅಕ್ಕನೇ ಹೋಗಿ ಕರೆತಂದಳು. ಹುಡುಗಿ ಕಡ್ಡಿಯಂತಿದ್ದಳು, ಮಗು ಗುಂಡಗೆ. ಅಕ್ಕ ಕೋಣೆಯಲ್ಲಿ ಒಂದು ಮಂಚವನ್ನು ಗೋಡೆಗೆ ಒತ್ತಿ, ಮಗು ಉರುಳದ ಹಾಗೆ ದಿಂಬು ಕಟ್ಟಿ, ನೀರು ಕಾಯಿಸಲು ಕೆಟಲ್ ಇಟ್ಟಿದ್ದಳು. ಕಾವಲುಗಾರ ಅಕ್ಕನ ಕಡೆಯವನು, ಅವನ ಕಣ್ಣಿಗೆ ಮಗು ಬೀಳಲೇ ಇಲ್ಲ. ಪಕ್ಕದ ಕೋಣೆಯಲ್ಲಿದ್ದ ಕಿವಿ ಮಂದವಾದ ಹಿರಿಯ ವಿದ್ವಾಂಸರು ಮಾತ್ರ ಬೆಳಗ್ಗೆ, ಪಕ್ಕದವರಿಗೆ ಹೊಟ್ಟೆನೋವು ಅಂತ ಕಾಣುತ್ತೆ, ರಾತ್ರಿಯೆಲ್ಲ ನರಳ್ತಿದ್ರು, ಪಾಪ, ಯಾರಾದರೂ ವಿಚಾರಿಸಿ ಎಂದರಂತೆ.

ಗೋಷ್ಠಿಯ ಹೊತ್ತಿಗೆ ನಾನು ಅಂಗಡಿ ಮುಚ್ಚಿ ಬಂದೆ. ಮಗುವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ನನಗೂ ಮಕ್ಕಳಿಗೂ ಆಗಿಬರುವುದಿಲ್ಲ, ಆದರೆ ಈ ಪುಂಡ ನನ್ನ ಕನ್ನಡಕ ಕಿತ್ತುಕೊಂಡು ಬಾಯಿಗಿಟ್ಟು ಆರಾಮಾಗಿದ್ದ. ಸಭಾಂಗಣದ ಹಿಂಬಾಗಿಲಲ್ಲಿ ಅವನನ್ನು ಎತ್ತಿಕೊಂಡು ನಿಂತೆ, ಪಕ್ಕದಲ್ಲಿ ಅಕ್ಕ. ಹುಡುಗಿ ವೇದಿಕೆಯ ಮೇಲೆ ಕೂತಿದ್ದಳು. ಮೇಷ್ಟ್ರು ಮೈಕಿನ ಮುಂದೆ ಬಂದು ಅಧ್ಯಕ್ಷರನ್ನು ವೇದಿಕೆಗೆ ಕರೆದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದರು. ತನ್ನ ಹೆಸರು ಮೈಕಿನಲ್ಲಿ ಕೇಳಿ ಇವನು ನನ್ನ ತೋಳಲ್ಲಿ ಕುಪ್ಪಳಿಸಿದ. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಅಧ್ಯಕ್ಷರು ಬಂದಿಲ್ಲವಾದ್ದರಿಂದ ಈ ಗೋಷ್ಠಿಯನ್ನು ಕೈಬಿಟ್ಟು, ಸಮಯ ಉಳಿದರೆ ಒಂದೆರಡು ಪ್ರಬಂಧಗಳನ್ನು ಸಂಜೆಗೆ ಸೇರಿಸೋಣ ಎಂದರು. ಹಿರಿಯರ ಪ್ರಬಂಧಗಳೇ ಆ ಒಂದೆರಡು ಆಗುತ್ತವೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಹುಡುಗಿ ಹಾಳೆಗಳನ್ನು ಮಡಚತೊಡಗಿದಳು.

ಅಕ್ಕ ನನ್ನ ಕೈಯಿಂದ ಮಗುವನ್ನು ಎತ್ತಿಕೊಂಡಳು. ನಾನು ಅವಳ ಸೆರಗು ಹಿಡಿದೆ, ಕೊಡವಿಕೊಂಡು ನಡೆದೇಬಿಟ್ಟಳು. ಅಷ್ಟು ಜನರ ನಡುವೆ, ತನ್ನ ಹಳೆಯ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ ವೇದಿಕೆ ಹತ್ತಿ, ಅಧ್ಯಕ್ಷರ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಳು.

‘ಅಧ್ಯಕ್ಷರು ಬಂದಿದಾರೆ ಸರ್,’ ಎಂದಳು. ‘ಶುರು ಮಾಡಿ.’

ಮುಂದಿನ ಸಾಲಿನಲ್ಲಿದ್ದ ಆ ಕಿವಿ ಮಂದವಾದ ಹಿರಿಯರು ಪಕ್ಕದವರನ್ನು, ಯಾವ ವಿಶ್ವವಿದ್ಯಾಲಯದವರಂತೆ ಎಂದು ಗಟ್ಟಿಯಾಗಿ ಕೇಳಿದರು. ಅಷ್ಟೇ, ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಅಷ್ಟು ಜನ ನಗುತ್ತಿರುವಾಗ ಅವರು ಗದರಿಸುವುದಾದರೂ ಯಾರನ್ನು? ಮೈಕು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕುಸಿದರು. ಗೋಷ್ಠಿ ಶುರುವಾಯಿತು.

ಹುಡುಗಿಯ ಸರದಿ ಬಂದಾಗ ಮೊದಲ ಪುಟ ಓದುವಷ್ಟರಲ್ಲಿ ಅವಳಿಗೆ ಬೆವರು ಕಿತ್ತುಬಂತು. ಆಮೇಲೆ ದೋಣಿಯ ಹೆಂಗಸರು ಅವಳ ಕೈ ಹಿಡಿದರೋ ಏನೋ, ಹಾಳೆ ಬದಿಗಿಟ್ಟು ಮಾತಾಡತೊಡಗಿದಳು. ನನ್ನಂಥವಳಿಗೂ ಅರ್ಥವಾಯಿತು. ಪ್ರಶ್ನೆಗಳು ಬಂದವು, ಎಲ್ಲಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಅಧ್ಯಕ್ಷರು ಅಷ್ಟರಲ್ಲಿ ಕಾರ್ಯಕ್ರಮ ಪತ್ರಿಕೆಯನ್ನು ಅರ್ಧ ತಿಂದಿದ್ದರು. ನಾನು ನೋಡುತ್ತಿದ್ದದ್ದು ಅಕ್ಕನನ್ನು. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವಳು, ಅವತ್ತು ಆ ಹುಡುಗಿಯ ಬಾಯನ್ನೇ ನೋಡುತ್ತ ಕೂತಿದ್ದಳು.

ಮುಗಿದ ಮೇಲೆ ಮೇಷ್ಟ್ರು ಅಕ್ಕನನ್ನು ಹೊರಗೆ ಪಡಸಾಲೆಗೆ ಕರೆದರು. ನಾನೂ ಅವಳ ಕೈಯಿಂದ ಮಗುವನ್ನು ಎತ್ತಿಕೊಂಡು ಬೆನ್ನಿಗೇ ಹೋದೆ; ಅವರು ಒಂದು ಮಾತು ಹೆಚ್ಚಿಗೆ ಆಡಿದರೆ ನಾನು ನಾಲ್ಕು ಆಡುವುದು ಎಂದು ತಯಾರಾಗಿದ್ದೆ. ಅವರು ಬೈಯಲಿಲ್ಲ. ಇಷ್ಟು ವರ್ಷ ಒಂದು ತಪ್ಪೂ ಮಾಡದವರು ಯಾಕಮ್ಮ ಹೀಗೆ ಮಾಡಿದಿರಿ, ನನಗೊಂದು ಮಾತು ಹೇಳಬಾರದಿತ್ತೇ ಎಂದರು.

‘ಹೇಳಿದ್ದೆ ಸರ್,’ ಎಂದಳು ಅಕ್ಕ.

ಆಮೇಲೆ ಮೆಲ್ಲಗೆ ಸೇರಿಸಿದಳು: ‘ನಾನೂ ಒಂದು ಸಲ ಮಗು ಎತ್ಕೊಂಡು ಪರೀಕ್ಷೆಗೆ ಹೋಗಿದ್ದೆ ಸರ್. ಕೊನೇ ವರ್ಷದ್ದು. ಅಮ್ಮ ಹಾಸಿಗೆ ಹಿಡಿದಿದ್ರು, ಮನೇಲಿ ನೋಡ್ಕೊಳ್ಳೋರು ಯಾರೂ ಇರ್ಲಿಲ್ಲ. ಅವತ್ತು ಬರೀದೆ ವಾಪಸ್ ಬಂದೋಳು, ಮತ್ತೆ ಬರೆಯೋಕಾಗ್ಲಿಲ್ಲ.’

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಹುಡುಗಿ ಓಡಿಬಂದು ನನ್ನ ತೋಳಿನಿಂದ ಮಗುವನ್ನು ಎಳೆದುಕೊಂಡು, ಅಕ್ಕನ ಕೈಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಹಾಲೂಡಿಸಲು ಕೋಣೆಯ ಕಡೆ ನಡೆದಳು. ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು.

ಅಕ್ಕನಿಗೆ ಒಡಹುಟ್ಟಿದವರು ಅಂತ ಇರುವುದು ನಾನೊಬ್ಬಳೇ. ಅವಳು ಎತ್ತಿಕೊಂಡು ಹೋದ ಮಗು ನಾನಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ. ಓದು ತಲೆಗೆ ಹತ್ತಲಿಲ್ಲ, ಅದಕ್ಕೆ ಬಿಟ್ಟೆ ಅಂತಲೇ ಅವಳು ನನಗೆ ಇಷ್ಟು ವರ್ಷ ಹೇಳಿದ್ದು. ನನ್ನನ್ನು ಗೇಟಿನವನ ಹತ್ತಿರ ಕೂರಿಸಿ ಒಳಗೆ ಹೋಗಬಹುದಿತ್ತಲ್ಲ ಎಂದು ಜಗಳಕ್ಕೆ ನಿಂತೆ.

‘ಕೂರಿಸಿಯೇ ಹೋದೆ ಕಣೆ,’ ಎಂದಳು. ‘ಪ್ರಶ್ನೆಪತ್ರಿಕೆ ಕೈಗೆ ಬಂತು. ನೋಡ್ದೆ, ಎಲ್ಲಾ ಬರ್ತಿತ್ತು. ಆದ್ರೆ ನೀನು ಅಳ್ತಿದೀಯೇನೋ ಅಂತ ಕಿವಿಯೆಲ್ಲ ಹೊರಗೇ. ಕೂರೋಕಾಗ್ಲಿಲ್ಲ, ಎದ್ದು ಬಂದ್ಬಿಟ್ಟೆ. ಬಂದು ನೋಡಿದ್ರೆ ನೀನು ಅವನ ಮೀಸೆ ಹಿಡ್ಕೊಂಡು ಕೇಕೆ ಹಾಕಿ ನಗ್ತಾ ಇದ್ದೆ.’

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವಳ ಮೇಲೆ ಅಷ್ಟು ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ನನ್ನ ಮೇಲೆ ಕೋಪ ಬರಲಿಲ್ಲವಾ ಎಂದು ಕೇಳಿದೆ.

‘ಬಂತು. ಅಷ್ಟರಲ್ಲಿ ನೀನು ನನ್ನ ನೋಡಿ, ಮೀಸೆ ಬಿಟ್ಟು ಎರಡೂ ಕೈ ಚಾಚಿದೆ,’ ಎಂದಳು ಅಕ್ಕ. ‘ಎತ್ಕೊಂಡೆ.’