ರತ್ನ ಒಪ್ಪಿಕೊಂಡ ವಾಸನೆ

ಇವತ್ತು ರಾಮನಗರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ನುಗ್ಗಿತು. ಸುತ್ತಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ರತ್ನ ನೆನಪಾದಳು.

ಶಾಲೆಯಲ್ಲಿ ನಾವು ನಾಲ್ವರು ಗೆಳತಿಯರು. ನಾಲ್ವರ ಮನೆಯಲ್ಲೂ ಗೂಡಿನಿಂದ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅಮ್ಮಂದಿರ ಬೆರಳ ತುದಿ ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಬೆಂದ ಹುಳುವಿನ ವಾಸನೆ ನಮ್ಮ ಲಂಗ, ಜಡೆಗಳಲ್ಲೆಲ್ಲ ಇತ್ತು. ನಮಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ. ಗುಂಪಿಗೆ ನಾನೇ ಲೀಡರು. ನಾನು ಹೇಳಿದ ಆಟವನ್ನೇ ಎಲ್ಲರೂ ಆಡಬೇಕಿತ್ತು.

ಒಂದು ದಿನ ಹೊಸ ಟೀಚರ್ ನಮ್ಮ ಬೆಂಚಿನ ಬಳಿ ಬಂದು, "ಏನಿದು ನಾತ? ಯಾರದು?" ಎಂದರು. ಇಡೀ ಕ್ಲಾಸು ನಕ್ಕಿತು. ಗೆಳತಿಯರು ಮೂವರೂ ನನ್ನ ಮುಖ ನೋಡಿದರು. ನಾನು ರತ್ನಳತ್ತ ಬೆರಳು ತೋರಿಸಿದೆ. ಉಳಿದಿಬ್ಬರೂ ಹಾಗೇ ಮಾಡಿದರು.

ರತ್ನ ಎದ್ದು ನಿಂತು, "ಹೂಂ ಮಿಸ್, ನಂದೇ" ಎಂದಳು. ಅವಳನ್ನು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರಿಸಿದರು.

ಸಂಜೆ, "ಯಾಕೇ ಒಪ್ಕಂಡೆ?" ಎಂದು ಕೇಳಿದೆ.

"ನೀನೇ ತೋರ್ಸುದ್ ಮ್ಯಾಲೆ ಇಲ್ಲಾ ಅಂತ ಹೆಂಗನ್ಲಿ? ನೀನು ನಮ್ ಲೀಡ್ರು ಅಲ್ವೇನೇ?"

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಅಮ್ಮನ ಪಕ್ಕ ಗೂಡಿನ ಒಲೆಯ ಮುಂದೆ ಕೂತುಬಿಟ್ಟಳು.

ಬಸ್ಸು ಹೊರಟಿತು. ಪಕ್ಕದ ಹೆಂಗಸು, "ಈ ಜನ ಅದೆಂಗ್ ತಡ್ಕತಾರೋ" ಎಂದಳು. ಉತ್ತರ ಕೊಡೋಣವೆಂದುಕೊಂಡೆ. ನನ್ನ ಸೆರಗು ಆಗಲೇ ಮೂಗಿನ ಮೇಲಿತ್ತು.