ತಮ್ಮನ ಬಾಯಿ ಮೂಸಿದ ದಿನ

೧೯೮೧ರ ಮದುವೆ ಸೀಸನ್ನು. ಆಗ ಹನುಮಂತನಗರದಲ್ಲಿ ನನ್ನದೊಂದು ಬಾಡಿಗೆ ಪಾತ್ರೆ ಅಂಗಡಿ ಇತ್ತು. ಕೊಪ್ಪರಿಗೆ, ಜಾಲರಿ ಸೌಟು, ಊಟದ ಬೆಂಚು ಎಲ್ಲವನ್ನೂ ಮದುವೆ, ನಾಮಕರಣಗಳಿಗೆ ಕೊಡುತ್ತಿದ್ದೆ. ಸಾಗಿಸುವುದಕ್ಕೆ ಒಂದು ಹಳೇ ಅಂಬಾಸಿಡರ್ ಕೊಂಡು ಹಿಂದಿನ ಸೀಟು ಕಿತ್ತುಹಾಕಿದ್ದೆ. ಅದನ್ನು ಓಡಿಸುತ್ತಿದ್ದವನು ನನ್ನ ತಮ್ಮ ಶಿವು. ಜಯನಗರ, ಜೆ.ಪಿ. ನಗರ, ಅತ್ತ ಚಿಕ್ಕಲಸಂದ್ರದವರೆಗೂ ಪಾತ್ರೆ ಇಳಿಸಿ ಬರುತ್ತಿದ್ದ.

ನಾನು ಓದಿದ್ದು ಐದನೇ ಕ್ಲಾಸು. ಆದರೆ ಎಂಜಿನ್ ಕೆಲಸ ಕೈಗೆ ಹತ್ತಿತ್ತು. ಗ್ಯಾರೇಜಿಗೆ ಕಾರು ಬಿಡುವುದೆಂದರೆ ನನಗೆ ಮಾನ ಹೋದಂತೆ. ಆ ವರ್ಷ ಅಂಗಡಿ ಮುಂದೆಯೇ ಗೋಣಿಚೀಲ ಹಾಸಿಕೊಂಡು ಎಂಜಿನ್ ಬಿಚ್ಚಿ, ಪಿಸ್ಟನ್ನಿನ ರಿಂಗುಗಳನ್ನು ನಾನೇ ಬದಲಾಯಿಸಿದ್ದೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಒಂದು ಪಂಪು ಇರುತ್ತದೆ. ಅದರೊಳಗಿನ ರಬ್ಬರ್ ಬಿಲ್ಲೆ ಸವೆದಿತ್ತು. ಹೊಸದು ತರುವ ಬದಲು ಒಂದು ಹಳೇ ರೇನ್‌ಕೋಟಿನಿಂದ ಗುಂಡಗೆ ಕತ್ತರಿಸಿ ಕೂರಿಸಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಆಮೇಲೆ ದಿನಾ ಬೆಳಿಗ್ಗೆ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು, ಅಂಗಡಿಗೆ ಬಂದವರಿಗೆಲ್ಲ ತೋರಿಸುವುದು ನನ್ನ ಚಟವಾಯಿತು. ಹಳೇ ಎಂಜಿನ್ ಆಯಿಲ್ ಕುಡಿಯುತ್ತದೆ, ಆಗಾಗ ಸುರಿಯುತ್ತಿರಬೇಕು. ನನ್ನದು ಗೆರೆಯಿಂದ ಇಳಿಯುತ್ತಲೇ ಇರಲಿಲ್ಲ. ಒಂದೊಂದು ದಿನ ಕೂದಲೆಳೆಯಷ್ಟು ಮೇಲೆಯೇ ಇರುತ್ತಿತ್ತು. "ನೋಡಿ ಸಾರ್, ಒಂದು ತೊಟ್ಟು ಕುಡಿಯಲ್ಲ. ಕೈ ಯಾರದು?" ಎನ್ನುತ್ತಿದ್ದೆ.

ಇಳಿಯುತ್ತಿದ್ದದ್ದು ಪೆಟ್ರೋಲು. ಟ್ಯಾಂಕಿಗೆ ಪೊರಕೆ ಕಡ್ಡಿ ಇಳಿಸಿ, ಒದ್ದೆಯಾದ ಕಡೆ ಉಗುರಿನಿಂದ ಗೀರು ಹಾಕಿ ನೋಡುತ್ತಿದ್ದೆ. ಶಿವು ಜೆ.ಪಿ. ನಗರಕ್ಕೆ ಹೋಗಿ ಬಂದರೆ ಮೈಸೂರಿಗೆ ಹೋಗಿ ಬಂದಷ್ಟು ಖರ್ಚಾಗಿರುತ್ತಿತ್ತು. ಶಿವುಗೆ ಮುನಿ ಅಂತ ಒಬ್ಬ ಗೆಳೆಯ, ಆಟೋ ಓಡಿಸುವವನು. ಇಬ್ಬರೂ ದಿನಾ ಒಟ್ಟಿಗೇ ಟೀ ಕುಡಿಯುತ್ತಿದ್ದರು. ಆಟೋಗೂ ಪೆಟ್ರೋಲೇ ಬೇಕಲ್ಲ ಎಂಬ ಮಾತು ಒಂದು ದಿನ ನನ್ನ ತಲೆಗೆ ಬಂತು. ಬಂದದ್ದು ಹೋಗಲಿಲ್ಲ.

ಶಿವು ತಾನಾಗಿಯೇ ಒಂದು ಸಲ ಹೇಳಿದ. "ಅಣ್ಣ, ಗಾಡಿ ಒಳಗೆ ಪೆಟ್ರೋಲ್ ವಾಸ್ನೆ ಜಾಸ್ತಿ ಆಗ್ತಿದೆ. ಎಂಜಿನ್ ಒಂದ್ಸಲ ನೋಡು."

"ನಾನು ಮಾಡಿದ ಎಂಜಿನ್ ಅದು. ವಾಸ್ನೆ ಬರ್ತಿರೋದು ನಿನ್ನ ಷರಟಿಂದ" ಎಂದೆ. ಕದ್ದವನು ಮೊದಲೇ ಒಂದು ನೆಪ ಹೂಡಿಟ್ಟುಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದೆ.

ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಆದರೂ ಪೆಟ್ರೋಲ್ ಇಳಿಯಿತು. ಬುದ್ಧಿ ಇದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಮಾತ್ರ, ಇವನು ಸೋಪಿನ ಮೇಲೆ ಅಚ್ಚು ತೆಗೆದು ಇನ್ನೊಂದು ಬೀಗದಕೈ ಮಾಡಿಸಿದ್ದಾನೆ ಎಂದುಕೊಂಡೆ. ಬಚ್ಚಲಿಗೆ ಹೋಗಿ ಸೋಪನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬೀಗದಕೈಯನ್ನೂ ಮೂಸಿ ನೋಡಿದೆ.

ಒಂದು ಮಧ್ಯಾಹ್ನ ಶಿವು ಗಾಡಿ ತಂದು ನಿಲ್ಲಿಸಿದ. ಹಿಂದೆಯೇ ಮುನಿಯ ಆಟೋ ಬಂತು. ಅಂಗಡಿಯಲ್ಲಿ ಪಾತ್ರೆ ಗೊತ್ತುಮಾಡಲು ಬಂದ ಹೆಣ್ಣಿನ ಕಡೆಯವರಿದ್ದರು. ಪಕ್ಕದಲ್ಲಿ ಹೂ ಮಾರುವ ಹೆಂಗಸು ಕೂತಿದ್ದಳು. ನಾನು ಎದ್ದುಹೋಗಿ ಶಿವು ಎದುರು ನಿಂತೆ.

"ಬಾಯಿ ತೆಗಿ."

"ಯಾಕಣ್ಣ?"

"ಟ್ಯೂಬ್ ಹಾಕಿ ಪೆಟ್ರೋಲ್ ಎಳೆದಿದ್ರೆ ಬಾಯಿ ಹೇಳತ್ತೆ. ತೆಗಿ."

ಮುನಿ ತಮಾಷೆ ಎಂದುಕೊಂಡು ನಕ್ಕ. "ನಿಮ್ಮಣ್ಣ ಡಾಕ್ಟ್ರು ಆಗ್ಬಿಟ್ರಲ್ಲೋ ಮಗಾ! ಆ ಅನ್ನು, ಆ ಅನ್ನು."

ಶಿವು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಬಾಯಿ ತೆರೆದ. ಅವನಿಗೆ ಆಗ ಇಪ್ಪತ್ತಾರು ವರ್ಷ. ಅಷ್ಟು ಜನರೆದುರು ನಾನು ಬಗ್ಗಿ ಮೂಸಿದೆ. ಟೀ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ಅಷ್ಟು ದೂರ ಹೋದಮೇಲೆ ಹಿಂದೆ ಬರುವುದು ನನಗೆ ಗೊತ್ತಿರಲಿಲ್ಲ. "ಟೀ ಕುಡ್ಕೊಂಡು ಬಂದಿದ್ದೀಯ, ವಾಸ್ನೆ ಮುಚ್ಚೋಕೆ" ಎಂದೆ.

"ಅಯ್ಯೋ ಶಿವನೇ, ಪೆಟ್ರೋಲ್ ಕುಡಿಯೋ ಗಂಡುಮಗನ್ನ ಇವತ್ತೇ ನೋಡಿದ್ದು ನಾನು!" ಎಂದಳು ಹೂವಿನವಳು. ಎಲ್ಲರೂ ನಕ್ಕರು. ಅಂದಿನಿಂದ ನಮ್ಮ ಬೀದಿಯಲ್ಲಿ ಅವನು 'ಪೆಟ್ರೋಲ್ ಶಿವು' ಆದ. ಆ ಮಧ್ಯಾಹ್ನವೇ ಶಿವು ಕಾರಿನ ಕೀಯನ್ನು ಅಲ್ಲೇ ಇದ್ದ ಕೊಪ್ಪರಿಗೆಯೊಳಗೆ ಹಾಕಿ ಮುನಿಯ ಆಟೋ ಹತ್ತಿ ಹೋದ.

ನಾನೇ ಗಾಡಿ ಓಡಿಸಲು ಶುರುಮಾಡಿದೆ. ಪೆಟ್ರೋಲ್ ಮತ್ತೆ ಇಳಿಯಿತು. ಈಗಲೂ ಅವನೇ ಕದ್ದು ಬಂದು ಹೋಗುತ್ತಿದ್ದಾನೆ ಎಂದು ಗಾಡಿಯನ್ನು ಮನೆಯ ಕಿಟಕಿಗೆ ಒತ್ತಿ ನಿಲ್ಲಿಸಿದೆ. ಕೊನೆಗೊಂದು ದಿನ ಬನಶಂಕರಿ ಕಡೆಯ ಏರಿನಲ್ಲಿ ಎಂಜಿನ್ ಒಳಗೆ ಸುತ್ತಿಗೆ ಹೊಡೆದಂತೆ ಸದ್ದಾಗಿ ಗಾಡಿ ನಿಂತಿತು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದೆ. ಆಯಿಲ್ ಗೆರೆ ದಾಟಿ ಎಷ್ಟೋ ಮೇಲಿತ್ತು. ನೀರಿನಂತೆ ತೊಟ್ಟಿಕ್ಕಿತು. ಮೂಸಿದರೆ ಬರೀ ಪೆಟ್ರೋಲು.

ಪಂಪು ಬಿಚ್ಚಿದೆ. ನಾನು ಕತ್ತರಿಸಿ ಹಾಕಿದ್ದ ರೇನ್‌ಕೋಟಿನ ಚೂರು ಪೆಟ್ರೋಲಿಗೆ ಉಬ್ಬಿ ತೂತಾಗಿತ್ತು. ಅದರ ಮೂಲಕ ಪೆಟ್ರೋಲ್ ಆಯಿಲಿನೊಳಗೆ ಇಳಿದು, ಅದನ್ನು ತೆಳ್ಳಗೆ ಮಾಡಿ ಬೇರಿಂಗ್ ತಿಂದುಹಾಕಿತ್ತು. ಕಳ್ಳತನದ ಮಾಲನ್ನು ನಾನು ದಿನಾ ಬೆಳಿಗ್ಗೆ ಕಡ್ಡಿಯಲ್ಲಿ ಎತ್ತಿ, ನನ್ನ ಕೈಚಳಕ ಎಂದು ಜನರಿಗೆ ತೋರಿಸುತ್ತಿದ್ದೆ.

ಶಿವು ಶ್ರೀನಗರದಲ್ಲಿ ಮುನಿಯ ಮನೆಯಲ್ಲಿದ್ದ. ಯಾರದೋ ಟೆಂಪೋ ತೊಳೆಯುತ್ತಿದ್ದ. ಅಲ್ಲಿಗೇ ಹೋಗಿ ಎಲ್ಲವನ್ನೂ ಹೇಳಿದೆ.

"ಆಯಿಲ್ ಮೇಲೆ ಬರ್ತಿತ್ತಾ?" ಎಂದು ಕೇಳಿದ.

"ಬರ್ತಿತ್ತು."

"ದಿನಾ ನೋಡ್ತಿದ್ದೆ ಅಲ್ವಾ ನೀನು?"

"ನೋಡ್ತಿದ್ದೆ."

ಬಟ್ಟೆ ಹಿಂಡಿ ಒಣಗಹಾಕಿದ. "ಬರ್ತೀನಣ್ಣ ಕೆಲ್ಸಕ್ಕೆ. ಆದ್ರೆ ಇದನ್ನ ಅಂಗಡಿ ಮುಂದೆ ಹೇಳು. ಹೂವಿನಮ್ಮನ ಎದುರಿಗೇ ಹೇಳು. ಅಷ್ಟು ಸಾಕು."

"ನಾಳೆ ಬಾ, ಹೇಳ್ತೀನಿ" ಎಂದೆ. ಮನಸಾರೆಯೇ ಎಂದೆ.

ಮರುದಿನ ಅವನು ತಲೆ ಬಾಚಿ, ಇಸ್ತ್ರಿ ಷರಟು ಹಾಕಿಕೊಂಡು ಬಂದ. ಹೂವಿನವಳು ಇದ್ದಳು, ಗಿರಾಕಿಗಳು ಇದ್ದರು. ಅಷ್ಟು ದಿನ ಇದೇ ಜನರೆದುರು ಮೆಕ್ಯಾನಿಕ್ ಎಂದು ಮೆರೆದಿದ್ದೆ. ಬಾಯಿ ತೆರೆದೆ, ಬಂದ ಮಾತೇ ಬೇರೆ. "ಬಂದ್ಯಾ ಶಿವು? ಆಗಿದ್ದು ಆಗೋಯ್ತು ಬಿಡು. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಕೆಲ್ಸಕ್ಕೆ ಹತ್ತು."

"ದೊಡ್ಡ ಮನಸ್ಸು ಕಣಣ್ಣ ನಿಮ್ದು" ಎಂದಳು ಹೂವಿನವಳು.

ಶಿವು ಇನ್ನೂ ಸ್ವಲ್ಪ ಹೊತ್ತು ಕಾದ. ನಾನು ಪಾತ್ರೆ ಎಣಿಸುವವನಂತೆ ಒಳಗೆ ಹೋದೆ. ಹೊರಗೆ ಬಂದಾಗ ಅವನು ಇರಲಿಲ್ಲ. ಮತ್ತೆ ಎಂದೂ ಆ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಟೆಂಪೋ ಓಡಿಸಿಕೊಂಡೇ ಸಂಸಾರ ಮಾಡಿದ. ಹಬ್ಬಕ್ಕೆ ಕರೆದರೆ ಬರುತ್ತಿದ್ದ, ಮಾತಾಡುತ್ತಿದ್ದ. ಆ ವಿಷಯ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕೆಲವು ತಿಂಗಳ ಹಿಂದೆ ಶಿವು ಮಗನ ಮದುವೆಯಾಯಿತು. ಬೀಗರ ಊಟದ ದಿನ ನಾನು ಅವನ ಪಕ್ಕದ ಎಲೆಯಲ್ಲಿ ಕೂತಿದ್ದೆ. ಹಳೇ ಬೀದಿಯವರೊಬ್ಬರು ದೂರದಿಂದಲೇ, "ಏನಪ್ಪಾ ಪೆಟ್ರೋಲ್ ಶಿವು, ಮಾವ ಆಗ್ಬಿಟ್ಟೆ!" ಎಂದು ಕೂಗಿದರು. ಬಡಿಸುತ್ತಿದ್ದ ಹೊಸ ಸೊಸೆ ನಗುತ್ತಾ ಕೇಳಿದಳು, "ಅದ್ಯಾಕೆ ಮಾವ, ಪೆಟ್ರೋಲ್ ಅಂತಾರೆ?"

ಶಿವು ನನ್ನ ಕಡೆ ತಿರುಗಲೂ ಇಲ್ಲ. "ಡ್ರೈವರ್ ಆಗಿದ್ನಲ್ಲಮ್ಮ, ಅದಕ್ಕೆ" ಎಂದ. "ಅಣ್ಣಂಗೆ ಇನ್ನೊಂದ್ ಹೋಳಿಗೆ ಹಾಕು" ಎಂದ.

ಆ ಹುಡುಗಿ ಈ ಪತ್ರಿಕೆಯನ್ನು ತಪ್ಪದೆ ಓದುತ್ತಾಳೆ ಎಂದು ಕೇಳಿದ್ದೇನೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅಮ್ಮಾ, ನಿನ್ನ ಮಾವ ಕದ್ದಿರಲಿಲ್ಲ.